ಹತ್ತಡಿ ರೂಮಲ್ಲಿ ಹೋಮ್ ಥಿಯೇಟರ್: ಮೊದ್ಲು ಮಾತು ಸ್ಪಷ್ಟವಾಗಿ ಕೇಳ್ಲಿ

ಪ್ರಶ್ನೆ: ನಮಸ್ಕಾರ ಸರ್. ನಮ್ದು ಡೊಂಬಿವಲಿ ಈಸ್ಟಲ್ಲಿ ಟೂ ಬಿಎಚ್‌ಕೆ, ಆರನೇ ಫ್ಲೋರು. ಮಗಳು ಓದೋಕೆ ಹೊರಗೆ ಹೋದ್ಮೇಲೆ ಅವಳ ರೂಮು ಖಾಲಿ ಇದೆ, 10 ಅಡಿಗೆ 10 ಅಡಿ, ಎತ್ತರ ಒಂಬತ್ತೂವರೆ ಅಡಿ. ಯಜಮಾನ್ರಿಗೆ ಅದನ್ನ ಹೋಮ್ ಥಿಯೇಟರ್ ಮಾಡೋ ಆಸೆ. ಒಬ್ಬ ಡೀಲರು ಬಂದು ನೋಡಿ 120 ಇಂಚು ಪ್ರೊಜೆಕ್ಟರ್ ಸ್ಕ್ರೀನು, 7.1.4 ಅಟ್ಮಾಸ್ (ಸುತ್ತಲೂ, ತಲೆ ಮೇಲೂ ಸೇರಿ ಹನ್ನೆರಡು ಸ್ಪೀಕರ್), ಗೋಡೆಗೆಲ್ಲಾ ಫೋಮ್ ಅಂತ ಹೇಳಿ ಹೋಗಿದ್ದಾರೆ. ನಮ್ಮ ಬಜೆಟ್ ಎರಡೂವರೆ ಲಕ್ಷ. ಅತ್ತೆಗೆ 78 ವರ್ಷ, ಕಿವಿ ಸ್ವಲ್ಪ ಮಂದ, ಸೀರಿಯಲ್ಲಿಗೆ ಸೌಂಡ್ ಜಾಸ್ತಿ ಇಡ್ತಾರೆ, ಪಕ್ಕದ ಮನೆಯವ್ರು ಈಗಾಗ್ಲೇ ಎರಡು ಸಲ ಬೆಲ್ ಮಾಡಿ ಹೇಳಿ ಹೋಗಿದ್ದಾರೆ. ಏನ್ ಮಾಡೋದು?

ಉತ್ತರ: ನಮಸ್ಕಾರ ಅಕ್ಕ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಕೊನೇ ಎರಡು ವಿಷ್ಯ, ಅತ್ತೆಯವರ ಕಿವಿ ಮತ್ತು ಪಕ್ಕದ ಮನೆ ಬೆಲ್ಲು. ಫ್ಲ್ಯಾಟಲ್ಲಿ ಹೋಮ್ ಥಿಯೇಟರ್ ಅಂದ್ರೆ ಕಡಿಮೆ ವಾಲ್ಯೂಮಲ್ಲಿ ಪ್ರತಿ ಮಾತೂ ಬಿಡಿಸಿ ಕೇಳ್ಬೇಕು, ಅದು ಆಯ್ತು ಅಂದ್ರೆ ಮುಕ್ಕಾಲು ಭಾಗ ಕೆಲಸ ಆದ ಹಾಗೆ, ಅದು ಆಗ್ಲಿಲ್ಲ ಅಂದ್ರೆ ಹನ್ನೆರಡು ಸ್ಪೀಕರ್ ಇಟ್ರೂ ಆ ರೂಮಲ್ಲಿ ಯಾರೂ ಕೂರಲ್ಲ.

ಮೊದ್ಲು ಡೀಲರ್ ಹೇಳಿದ್ದನ್ನ ಅಳತೆ ಹಾಕಿ ನೋಡೋಣ. 120 ಇಂಚು ಸ್ಕ್ರೀನ್ ಅಂದ್ರೆ ಅಗಲ ಸುಮಾರು 8 ಅಡಿ 9 ಇಂಚು. ಸಾಮಾನ್ಯ ಪ್ರೊಜೆಕ್ಟರಿನ ಥ್ರೋ ರೇಶಿಯೋ, ಅಂದ್ರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಅನ್ನೋದು, 1.2 ಅಂತ ಇಟ್ಕೊಂಡ್ರೂ ಹತ್ತೂವರೆ ಅಡಿ ದೂರ ಬೇಕು, ನಿಮ್ಮ ರೂಮೇ ಹತ್ತಡಿ, ಅದ್ರಲ್ಲಿ ಪ್ರೊಜೆಕ್ಟರಿಗೂ ಜಾಗ ಹೋಗತ್ತೆ, ಅಂದ್ಮೇಲೆ ಚಿತ್ರ ಅಷ್ಟು ದೊಡ್ಡದಾಗಿ ಬೀಳೋದೇ ಇಲ್ಲ. ಹತ್ರದಿಂದಲೇ ದೊಡ್ಡ ಚಿತ್ರ ಬೀಳಿಸೋ ಶಾರ್ಟ್ ಥ್ರೋ ಪ್ರೊಜೆಕ್ಟರ್ ತಂದು ಬೀಳಿಸಿದ್ರೂ ಆರಡಿ ದೂರದಲ್ಲಿ ಕೂತು ಒಂಬತ್ತಡಿ ಅಗಲದ ಚಿತ್ರ ನೋಡೋಕೆ ತಲೆ ಆಕಡೆ ಈಕಡೆ ತಿರುಗಿಸ್ತಾನೇ ಇರ್ಬೇಕು, ಅತ್ತೆಯವರಿಗಂತೂ ಕತ್ತು ನೋವು ಬರತ್ತೆ. ಸಿನೆಮಾ ನೋಡೋಕೆ ಕಣ್ಣಿಗೆ ಸುಮಾರು 40 ಡಿಗ್ರಿ ಅಗಲ ಬಂದ್ರೆ ಥಿಯೇಟರಿನ ಅನುಭವ ಬರತ್ತೆ, 65 ಇಂಚು ಟೀವಿಯನ್ನ ಆರೂವರೆ ಅಡಿಯಿಂದ ನೋಡಿದ್ರೆ ಸರಿಯಾಗಿ ಅಷ್ಟೇ ಬರೋದು. ಹಾಗಾಗಿ ನಿಮ್ಮ ರೂಮಿಗೆ 65 ಇಂಚು 4ಕೆ ಟೀವಿ ಸಾಕು, ಕರ್ಟನ್ ಎಳೀದೇನೇ ಹಗಲೊತ್ತು ಸೀರಿಯಲ್ಲೂ ನೋಡ್ಬಹುದು.

ಇನ್ನು ಸೌಂಡು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ದುಡ್ಡು ಹಾಳಾಗೋದು ಇಲ್ಲೇ. ನಿಮ್ಮ ರೂಮು ಚಚ್ಚೌಕ. ಎದುರುಬದುರು ಗೋಡೆ ಮಧ್ಯೆ ಶಬ್ದ ಹೋಗಿ ವಾಪಸ್ ಬರುವಾಗ ಕೆಲವು ಸ್ವರ ಒಂದರ ಮೇಲೊಂದು ಬಿದ್ದು ದೊಡ್ಡದಾಗತ್ತೆ, ಹತ್ತಡಿ ಗೋಡೆಗೆ ಅದು ಸುಮಾರು 56 ಹರ್ಟ್ಸ್ (ಸೆಕೆಂಡಿಗೆ 56 ಕಂಪನ, ಬಹಳ ತಗ್ಗಿನ ಸ್ವರ), ನಿಮ್ಮಲ್ಲಿ ಉದ್ದಾನೂ ಹತ್ತು ಅಗಲಾನೂ ಹತ್ತು, ಎತ್ತರಕ್ಕೆ ಬರೋದೂ 59ರ ಹತ್ರ, ಮೂರೂ ಒಂದೇ ಕಡೆ ಸೇರ್ಕೊಳತ್ತೆ. ಅದಕ್ಕೇ ಇಂಥ ರೂಮಲ್ಲಿ ಸಬ್‌ವೂಫರ್, ಅಂದ್ರೆ ಬೇಸ್ ಅನ್ನೋ ತಗ್ಗು ಸ್ವರದ ಸ್ಪೀಕರ್, ಹಾಕಿದ ತಕ್ಷಣ ಎಲ್ಲಾ ಹಾಡಲ್ಲೂ ಒಂದೇ ಥರ ಗುಂಯ್ ಅನ್ನೋದು, ಆ ಗುಂಯ್ ಮಾತನ್ನ ಮುಚ್ಚತ್ತೆ, ಮಾತು ಕೇಳಲ್ಲ ಅಂತ ವಾಲ್ಯೂಮ್ ಏರಿಸ್ತೀವಿ, ಆಗ ಪಕ್ಕದವ್ರು ಬರ್ತಾರೆ.

ಡೀಲರ್ ಹೇಳಿದ ಫೋಮ್ ಇದಕ್ಕೆ ಔಷಧಿ ಅಲ್ಲ. 50 ಹರ್ಟ್ಸ್ ಶಬ್ದದ ಅಲೆಯ ಉದ್ದ ಸುಮಾರು 7 ಮೀಟರ್, ಅಂದ್ರೆ ನಿಮ್ಮ ರೂಮಿನ ಎರಡರಷ್ಟು, ಒಂದಿಂಚು ಫೋಮು ಅದಕ್ಕೆ ಅಡ್ಡ ಬರಕ್ಕೆ ಸಾಧ್ಯವೇ ಇಲ್ಲ. ಫೋಮ್ ಬರೀ ತೆಳು ಸ್ವರಗಳನ್ನ ತಿಂದು ರೂಮನ್ನ ಮಂಕು ಮಾಡತ್ತೆ, ಶಬ್ದ ಹೊರಗೆ ಹೋಗೋದನ್ನಂತೂ ತಡೆಯಲ್ಲ. ಎಗ್ ಟ್ರೇ ಅಂಟಿಸೋದೂ ಅಷ್ಟೇ, ಮೇಲಿಂದ ಬೆಂಕಿ ಭಯ ಬೇರೆ.

ನಾನು ಹೇಳೋದು ಹೀಗೆ. ಮಗಳ ಮಂಚ, ಹಾಸಿಗೆ, ಬಟ್ಟೆ ತುಂಬಿದ ಕಪಾಟು ಯಾವುದನ್ನೂ ಹೊರಗೆ ಹಾಕ್ಬೇಡಿ. ದಪ್ಪ ಹಾಸಿಗೆ, ಬಟ್ಟೆ ಎಲ್ಲ ಶಬ್ದ ಹೀರ್ಕೊಳ್ಳತ್ತೆ, ತುಂಬಿದ ಕಪಾಟನ್ನ ಪಕ್ಕದ ಮನೆಗೆ ಅಂಟಿದ ಗೋಡೆಗೆ ಸೇರಿಸಿ ಇಟ್ರೆ ಸ್ವಲ್ಪ ತೂಕ ಸಿಕ್ಕಿ ಗೋಡೆಗೂ ಅನುಕೂಲ, ಮಗಳು ರಜೆಗೆ ಬಂದಾಗ ಅವಳ ರೂಮು ಅವಳಿಗೂ ಇರತ್ತೆ. ಅದರ ಮೇಲೆ ನಾಲ್ಕು ಇಂಚು ದಪ್ಪದ ರಾಕ್‌ವುಲ್ (ಕಲ್ಲಿನ ನಾರಿನ) ಪ್ಯಾನೆಲನ್ನ ಬಟ್ಟೆ ಸುತ್ತಿ ಎರಡು ಮೂಲೆಗೆ ನಿಲ್ಲಿಸಿ, ಇನ್ನೆರಡು ಎರಡಿಂಚಿನದ್ದು ಎಡ ಬಲ ಗೋಡೆಗೆ, ಟೀವಿ ಮತ್ತು ನಿಮ್ಮ ಸೀಟಿನ ನಡುವೆ ಶಬ್ದ ಬಡಿದು ಬರೋ ಜಾಗಕ್ಕೆ. ಆ ಜಾಗ ಹುಡುಕೋಕೆ ಒಬ್ಬರು ಗೋಡೆ ಮೇಲೆ ಕನ್ನಡಿ ಸರಿಸ್ತಾ ಹೋಗ್ಲಿ, ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣತ್ತೋ ಅಲ್ಲೇ. ಸೀಟು ರೂಮಿನ ನಟ್ಟನಡುವೆನೂ ಬೇಡ, ಹಿಂದಿನ ಗೋಡೆಗೆ ಒರಗಿನೂ ಬೇಡ, ಹಿಂದಿನಿಂದ ಮೂರೂವರೆ ನಾಲ್ಕಡಿ ಬಿಟ್ಟು ಕೂತ್ರೆ ಬೇಸ್ ಸಮ ಇರತ್ತೆ, ಟೀವಿಗೂ ಆರಡಿಯ ಮೇಲೆ ದೂರ ಸಿಗತ್ತೆ.

ಹೊರಗಿನ ಗೋಡೆಗೆ, ಮಳೆ ಬಡಿಯೋ ಕಡೆಗೆ, ಪ್ಯಾನೆಲನ್ನ ಅಂಟಿಸಿ ಕೂರಿಸ್ಬೇಡಿ, ಮರದ ಪಟ್ಟಿ ಕೊಟ್ಟು ಒಂದೆರಡು ಇಂಚು ಗಾಳಿ ಬಿಡಿ. ಮುಂಬೈ ಮಳೆ ನಿಮಗೆ ಗೊತ್ತೇ ಇದೆ, ಜೂನಿಂದ ಸೆಪ್ಟೆಂಬರ್ ತನಕ ಒಳಗಿನ ಪೇಂಟ್ ಉಬ್ಬತ್ತೆ, ಅದರ ಮೇಲೆ ವಾಲ್‌ಪೇಪರ್ ಅಥವಾ ಪ್ಲೈ ಮುಚ್ಚಿದ್ರೆ ಒಳಗೆ ಬೂಸ್ಟು ಬರೋದು ಕಾಣಲ್ಲ, ವಾಸನೆ ಬಂದಾಗ್ಲೇ ಗೊತ್ತಾಗೋದು. ನವೆಂಬರ್ ಆದ್ಮೇಲೆ ಗೋಡೆ ಒಣಗಿದಾಗ ಕೆಲಸ ಶುರು ಮಾಡಿ, ಸೀಪೇಜ್ ಇದ್ರೆ ಮೊದ್ಲು ಸೊಸೈಟಿಗೆ ಬರೆದು ಅದನ್ನ ಸರಿ ಮಾಡಿಸ್ಕೊಳ್ಳಿ. ಬೀಮು ಕಾಲಮ್ಮು ಕೊರೆಯೋಕೆ ಯಾರಿಗೂ ಬಿಡ್ಬೇಡಿ.

ಈಗ ಸ್ಪೀಕರು. 7.1.4 ಅಂದ್ರೆ ಸುತ್ತ ಏಳು, ಒಂದು ಸಬ್‌ವೂಫರ್, ಮೇಲೆ ನಾಲ್ಕು, ಒಟ್ಟು ಹನ್ನೆರಡು ಸ್ಪೀಕರ್, ಎರಡೂವರೆ ಲಕ್ಷವನ್ನ ಅಷ್ಟಕ್ಕೂ ಹಂಚಿದ್ರೆ ಒಂದೂ ಒಳ್ಳೇದು ಬರಲ್ಲ, ಹತ್ತಡಿ ರೂಮಲ್ಲಿ ಹಿಂದಿನ ಎರಡು ಸ್ಪೀಕರ್ ನಿಮ್ಮ ಕಿವಿ ಪಕ್ಕಾನೇ ಬಂದು ಕೂರತ್ತೆ. ಮೊದ್ಲು 3.1 ಹಾಕಿ: ಎಡ, ಬಲ, ಮಧ್ಯದ ಸೆಂಟರ್ ಮತ್ತು ಒಂದು ಸಣ್ಣ ಸೀಲ್ಡ್ (ಪೆಟ್ಟಿಗೆಗೆ ತೂತಿಲ್ಲದ) ಸಬ್‌ವೂಫರ್, 8 ಅಥವಾ 10 ಇಂಚಿನದ್ದು. ಆದ್ರೆ ರಿಸೀವರ್, ಅಂದ್ರೆ ಸ್ಪೀಕರ್‌ಗಳನ್ನ ಓಡಿಸೋ ಆಂಪ್ಲಿಫೈಯರ್ ಪೆಟ್ಟಿಗೆ, ಅದು ಮಾತ್ರ ಏಳು ಚಾನೆಲ್ಲಿಂದು ತಗೊಳ್ಳಿ, ಮುಂದಿನ ವರ್ಷ ಪಕ್ಕಕ್ಕೆ ಎರಡು ಸೇರಿಸಿದ್ರೆ 5.1, ಆಮೇಲೆ ಮನಸ್ಸಿದ್ರೆ ಮೇಲೆ ಎರಡು ಹಾಕಿ 5.1.2 ಅಟ್ಮಾಸ್. ಅದಕ್ಕೆ ಬೇಕಾದ ವೈರ್ ಮಾತ್ರ ಈಗ್ಲೇ ಎಳೆಸಿ ಬಿಡಿ.

ಅಷ್ಟರಲ್ಲೂ ಸೆಂಟರ್ ಸ್ಪೀಕರಿಗೆ ಕೈ ಬಿಚ್ಚಿ ಖರ್ಚು ಮಾಡಿ. ಸಿನೆಮಾದಲ್ಲಿ ಹೆಚ್ಚುಕಮ್ಮಿ ಎಲ್ಲಾ ಮಾತೂ ಅಲ್ಲಿಂದಲೇ ಬರೋದು. ಟೀವಿ ಕೆಳಗೆ ಇಡೋದಾದ್ರೆ ಮುಂಭಾಗ ಸ್ವಲ್ಪ ಎತ್ತಿ ಕಿವಿ ಕಡೆ ತಿರುಗಿಸಿ, ಸ್ಟ್ಯಾಂಡಿನ ಅಂಚಿಗೆ ತಂದಿಡಿ, ಕಪಾಟಿನ ಒಳಗೆ ತಳ್ಳಬೇಡಿ, ಸ್ವರ ಡಬ್ಬದೊಳಗಿಂದ ಬಂದ ಹಾಗೆ ಆಗತ್ತೆ. ಸೀರಿಯಲ್ಲು ಹೆಚ್ಚಾಗಿ ಸ್ಟೀರಿಯೋದಲ್ಲಿ, ಅಂದ್ರೆ ಎಡ ಬಲ ಎರಡರಲ್ಲೇ ಬರತ್ತೆ, ರಿಸೀವರಿನಲ್ಲಿ ಡಾಲ್ಬಿ ಸರೌಂಡ್ ಮೋಡ್ ಹಾಕಿದ್ರೆ ಅದು ಮಾತನ್ನ ಸೆಂಟರಿಗೆ ತರತ್ತೆ, ಆಮೇಲೆ ಸೆಂಟರ್ ಲೆವೆಲ್ 2 ಅಥವಾ 3 ಡೆಸಿಬಲ್ ಏರಿಸಿ, ನೈಟ್ ಮೋಡ್ ಆನ್ ಮಾಡಿ. ನೈಟ್ ಮೋಡ್ ಮಾಡೋದು ಇಷ್ಟೇ, ಜೋರು ಶಬ್ದ ಕೆಳಗಿಳಿಸಿ ಮೆತ್ತಗಿನ ಮಾತು ಮೇಲೆ ತರತ್ತೆ. ಇಷ್ಟು ಮಾಡಿದ ದಿನವೇ ಅತ್ತೆಯವರ ರಿಮೋಟ್ ಮೊದಲಿಗಿಂತ ಕೆಳಗೆ ನಿಲ್ಲತ್ತೆ, ಇದು ನಾನು ಎಷ್ಟೋ ಮನೇಲಿ ನೋಡಿದ್ದೀನಿ. ಅವರ ಕಿವಿನೂ ಒಮ್ಮೆ ಡಾಕ್ಟರಿಗೆ ತೋರಿಸಿ, ಮಷೀನ್ ಬೇಕಾಗಿದ್ರೆ ಅದನ್ನ ಈ ಬಜೆಟ್ಟಲ್ಲೇ ಕೊಡಿಸಿ ಅಂತ ಯಜಮಾನ್ರಿಗೆ ನನ್ನ ಕಡೆಯಿಂದ ಹೇಳಿ.

ಪಕ್ಕದ ಮನೆ ವಿಷ್ಯ. ಗಾಳಿಯಲ್ಲಿ ಹೋಗೋ ಶಬ್ದ ಸಂದಿಯಿಂದ ಸೋರತ್ತೆ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಸೀಲು, ಸ್ಲೈಡಿಂಗ್ ಕಿಟಕಿಯ ಸವೆದ ಬ್ರಶ್ ಪಟ್ಟಿ ಬದಲಾಯಿಸೋದು, ಇವೆರಡರ ಖರ್ಚು ಕಡಿಮೆ ಲಾಭ ಜಾಸ್ತಿ, ಲೋಕಲ್ ಟ್ರೇನಿನ ಸದ್ದೂ ಒಳಗೆ ಕಡಿಮೆ ಬರೋದ್ರಿಂದ ನೀವು ವಾಲ್ಯೂಮ್ ಏರಿಸೋ ಅಗತ್ಯವೂ ಕಡಿಮೆ ಆಗತ್ತೆ. ಬೇಸ್ ಮಾತ್ರ ಸ್ಲ್ಯಾಬ್ ಹಿಡ್ಕೊಂಡು ಹೋಗತ್ತೆ, ಮೇಲಿನವ್ರು ಮಸಾಲೆ ಕುಟ್ಟಿದ್ರೆ ನಮಗೆ ಗೊತ್ತಾಗೋದು ಅದೇ ದಾರಿಯಲ್ಲಿ. ಸಬ್ಬನ್ನ ದಪ್ಪ ರಬ್ಬರ್ ಅಥವಾ ಐಸೊಲೇಶನ್ ಪ್ಯಾಡ್ ಮೇಲಿಡಿ, ಪಕ್ಕದವರ ಗೋಡೆಯಿಂದ ದೂರ ಇಡಿ, ಕ್ರಾಸ್ ಓವರ್, ಅಂದ್ರೆ ಸಬ್ಬಿಗೆ ಹೋಗೋ ಸ್ವರದ ಮೇಲಿನ ಗಡಿ, 80 ಹರ್ಟ್ಸ್. ಅದಕ್ಕೆ ಒಳ್ಳೇ ಜಾಗ ಹುಡುಕೋಕೆ ಸಬ್ಬನ್ನ ನೀವು ಕೂರೋ ಸೀಟಲ್ಲಿ ಇಟ್ಟು ಬೇಸ್ ಇರೋ ಹಾಡು ಹಾಕಿ ರೂಮಿನ ಸುತ್ತ ಬಗ್ಗಿ ಕೇಳ್ತಾ ಹೋಗಿ, ಎಲ್ಲಿ ಗುಂಯ್ ಇಲ್ದೇ ಹದವಾಗಿ ಕೇಳತ್ತೋ ಅಲ್ಲಿಡಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಮಿತಿ. ಹತ್ತು ಗಂಟೆ ಮೇಲೆ ಸಬ್ ಆಫ್ ಅಂತ ಮನೇಲಿ ಒಂದು ರೂಢಿ ಮಾಡ್ಕೊಳ್ಳಿ, ಸೆಟಪ್ ಆದ್ಮೇಲೆ ಪಕ್ಕದವರನ್ನೇ ಕರೆದು ಒಂದು ಸಿನೆಮಾ ತೋರಿಸಿ, ಸಿನೆಮಾ ಓಡುವಾಗ ನೀವು ಅವರ ಮನೇಲಿ ನಿಂತು ಎಷ್ಟು ಕೇಳತ್ತೆ ನೋಡಿ ಬನ್ನಿ.

ವೈರಿನ ಬಗ್ಗೆ ಒಂದು ಮಾತು. ಗ್ರ್ಯಾಂಟ್ ರೋಡ್ ಸ್ಟೇಶನ್ ಹತ್ರ ಲ್ಯಾಮಿಂಗ್ಟನ್ ರೋಡಲ್ಲಿ ಎಲ್ಲಾ ರೇಟಿನದ್ದೂ ಸಿಗತ್ತೆ, ತಾಮ್ರದ ಲೇಪ ಇರೋ ಅಲ್ಯೂಮಿನಿಯಂ ವೈರೂ ತಾಮ್ರ ಅಂತ ಬರತ್ತೆ, ಎಳೆ ತುದಿಯನ್ನ ಬ್ಲೇಡಲ್ಲಿ ಕೆರೆದ್ರೆ ಒಳಗೆ ಬಿಳಿ ಕಂಡ್ರೆ ಬೇಡ. 1.5 ಸ್ಕ್ವೇರ್ ಎಂಎಂ ತಾಮ್ರ ನಿಮ್ಮ ರೂಮಿಗೆ ಧಾರಾಳ ಸಾಕು. ಟೀವಿಯಿಂದ ರಿಸೀವರಿಗೆ ಎಚ್‌ಡಿಎಂಐ ಕೇಬಲ್ಲಲ್ಲೇ ಸೌಂಡ್ ಕಳಿಸೋ ಎಆರ್‌ಸಿ ಇದ್ರೂ ಓಟಿಟಿಯ ಅಟ್ಮಾಸ್ ಹೋಗತ್ತೆ, ಬ್ಲೂರೇ ಡಿಸ್ಕಿನ ಪೂರ್ತಿ ಗುಣಮಟ್ಟ ಟೀವಿ ಮೂಲಕ ಬರ್ಬೇಕಾದ್ರೆ ಮಾತ್ರ ಅದರ ಸುಧಾರಿತ ರೂಪ ಇಎಆರ್‌ಸಿ ಬೇಕು.

ಪ್ರಶ್ನೆ: ನಮಸ್ಕಾರ್ರಿ ಸರ್. ಪುಣೆದಾಗ ಹಡಪ್ಸರ್ ಕಡೆ ನಮ್ದು ರೋ ಹೌಸ್ ಐತ್ರಿ, ಮ್ಯಾಲಿನ ಖೋಲಿ 12 ಬೈ 18 ಅಡಿ. ಆನ್‌ಲೈನದಾಗ 12 ಸಾವಿರಕ್ಕ 10,000 ಲುಮೆನ್ಸ್ 4ಕೆ ಪ್ರೊಜೆಕ್ಟರ್ ಅಂತ ತೋರಸ್ತಾರ, ತಗೋಬೇಕೋ ಬ್ಯಾಡೋ?

ಉತ್ತರ: ಬ್ಯಾಡ್ರಿ. ಆ 10,000 ಅನ್ನೋದಕ್ಕೆ ಯಾವ ಅಳತೆನೂ ಇಲ್ಲ, ಲುಮೆನ್ಸ್ ಅಂದ್ರೆ ಬೆಳಕಿನ ಪ್ರಮಾಣ, ನೀವು ನೋಡ್ಬೇಕಾದ್ದು ಗೊತ್ತಾದ ಮಾನದಂಡದಲ್ಲಿ ಅಳೆದ ಆನ್ಸಿ ಲುಮೆನ್ಸ್ ಅಥವಾ ಐಎಸ್‌ಓ ಲುಮೆನ್ಸ್. ಲೆಕ್ಕ ಕೇಳಿ: 100 ಇಂಚು ಪರದೆಯ ವಿಸ್ತೀರ್ಣ ಸುಮಾರು 30 ಚದರ ಅಡಿ, ಸಿನೆಮಾ ಹಾಲಿನ ಪರದೆಯಷ್ಟು ಬೆಳಕು ಬೇಕಂದ್ರೆ ಚದರಡಿಗೆ ಸುಮಾರು 14 ಲುಮೆನ್ಸ್, ಒಟ್ಟು 420ರ ಹತ್ರ. ಪಿಕ್ಚರ್ ಮೋಡಲ್ಲಿ ಕಳೆಯೋದು, ಲ್ಯಾಂಪ್ ಹಳೇದಾದಾಗ ಕಳೆಯೋದು ಎಲ್ಲ ಸೇರ್ಸಿ 1,500ರಿಂದ 2,000 ನಿಜವಾದ ಆನ್ಸಿ ಲುಮೆನ್ಸ್ ಇದ್ರೆ ಕತ್ತಲೆ ಖೋಲಿಗೆ ಭರ್ಜರಿ ಚಿತ್ರ. 4ಕೆ ಸಪೋರ್ಟ್ ಅಂದ್ರೆ 4ಕೆ ಫೈಲ್ ಓಡತ್ತೆ ಅಷ್ಟೇ, ನೇಟಿವ್ ರೆಸೊಲ್ಯೂಶನ್, ಅಂದ್ರೆ ಮಷೀನು ನಿಜವಾಗಿ ತೋರಿಸೋ ಚುಕ್ಕಿಗಳು, ಎಷ್ಟು ಅಂತ ಕೇಳಿ, ಪ್ರಾಮಾಣಿಕವಾದ 1080ಪಿ ಸಾಕು.

ನಿಮ್ಮ ಖೋಲಿ ಬಹಳ ಚೊಲೋ ಐತಿ, ಉದ್ದ ಅಗಲ ಬೇರೆ ಬೇರೆ ಇರೋದ್ರಿಂದ ಬೇಸೂ ಹಂಚಿಕೊಳ್ಳತ್ತೆ, 5.1 ಆರಾಮಾಗಿ ಕೂರತ್ತೆ. ಪ್ರೊಜೆಕ್ಟರಿಗಿಂತ ಮೊದ್ಲು ಬಣ್ಣದ ಡಬ್ಬಿ ತರ್ರಿ. ಪರದೆ ಹತ್ರದ ಸೀಲಿಂಗು, ಅಕ್ಕಪಕ್ಕದ ಗೋಡೆ ಬಿಳಿ ಇದ್ರೆ ಬೆಳಕು ಅಲ್ಲಿಗೆ ಬಡಿದು ವಾಪಸ್ ಪರದೆ ಮೇಲೇ ಬಿದ್ದು ಕಪ್ಪು ಎಲ್ಲಾ ಬೂದಿ ಬಣ್ಣ ಆಗತ್ತೆ, ಹೊಳಪಿಲ್ಲದ ಗಾಢ ಬಣ್ಣ ಹೊಡೆಸಿದ್ರೆ ಅದೇ ಪ್ರೊಜೆಕ್ಟರಿನ ಚಿತ್ರ ಬೇರೇನೇ ಕಾಣತ್ತೆ. ಪ್ರೊಜೆಕ್ಟರನ್ನ ಪರದೆಗೆ ನೇರವಾಗಿ ಕೂರಿಸಿ, ಓರೆ ಇಟ್ಟು ಕೀಸ್ಟೋನ್ ಒತ್ತಿ ಸರಿ ಮಾಡಿದ್ರೆ ಸ್ಪಷ್ಟತೆ ಹೋಗತ್ತೆ. ಅಲ್ಲಿತನಕ ಎಚ್‌ಡಿಎಂಐ ಉದ್ದದ್ದು ಬೇಕಾಗತ್ತೆ, ಹತ್ತು ಮೀಟರಿಗೆ ಫೈಬರ್ ಕೇಬಲ್ ತಗೊಳ್ಳಿ, ಪೈಪು ಮಾತ್ರ ಪ್ಲಗ್ ತೂರೋ ಅಷ್ಟು ಅಗಲದ್ದು ಹಾಕಿಸಿ, ಸಣ್ಣ ಪೈಪ್ ಹಾಕಿ ಪ್ಲಾಸ್ಟರ್ ಮಾಡಿದ್ಮೇಲೆ ಗೋಡೆ ಒಡೆಯೋದೊಂದೇ ದಾರಿ. ಕೇಬಲ್ಲು ನಿಮ್ಮ ಪುಣೆಯ ತಪ್ಕೀರ್ ಗಲ್ಲಿಯಲ್ಲೇ ಸಿಗತ್ತೆ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಸಮುದ್ರಕ್ಕೆ ಹತ್ರ ಮನೆ. ಮಳೆಗಾಲ ಮುಗಿದ್ಮೇಲೆ ಸ್ಪೀಕರಲ್ಲಿ ಕರಕರ ಸದ್ದು, ಪ್ರೊಜೆಕ್ಟರ್ ಲೆನ್ಸಲ್ಲಿ ಬಿಳಿ ಜೇಡರ ಬಲೆ ಥರ ಏನೋ ಕಾಣತ್ತೆ. ಪ್ಲಾಸ್ಟಿಕ್ ಕವರ್ ಹಾಕಿಯೇ ಇಟ್ಟಿದ್ವಿ.

ಉತ್ತರ: ಆ ಕವರೇ ತೇವವನ್ನ ಒಳಗೆ ಹಿಡಿದಿಟ್ಟಿದ್ದು, ಲೆನ್ಸಲ್ಲಿ ಕಾಣೋದು ಫಂಗಸ್. ಲೆನ್ಸ್ ಒಳಗಿದ್ರೆ ನೀವು ಬಿಚ್ಚಬೇಡಿ, ಸರ್ವಿಸಿಗೆ ಕೊಡಿ. ಇನ್ಮುಂದೆ ರೂಮಿನ ತೇವ 60 ಪರ್ಸೆಂಟ್ ಕೆಳಗೆ ಇರ್ಲಿ, ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ತಂದು ಗೋಡೆಗೆ ಹಾಕಿ, ಎಸಿಯ ಡ್ರೈ ಮೋಡ್ ಅಥವಾ ಡಿಹ್ಯುಮಿಡಿಫೈಯರ್ ಓಡಿಸಿ, ವಾರಕ್ಕೆ ಎರಡು ಮೂರು ಸಲ ಎಲ್ಲಾ ಮಷೀನ್ ಆನ್ ಮಾಡಿ ಒಂದು ಗಂಟೆ ಬಿಡಿ, ಒಳಗಿನ ಬಿಸಿಗೇ ತೇವ ಆರತ್ತೆ. ಧೂಳಿಗೆ ಹತ್ತಿ ಬಟ್ಟೆ ಹೊದಿಸಿದ್ರೆ ಸಾಕು.

ಕರಕರ ಸದ್ದು ಹೆಚ್ಚಾಗಿ ವೈರ್ ತುದಿಯದ್ದು. ಉಪ್ಪು ಗಾಳಿಗೆ ತಾಮ್ರ ಹಸಿರಾಗಿರತ್ತೆ, ಅರ್ಧ ಇಂಚು ಕತ್ತರಿಸಿ ಹೊಸ ಎಳೆ ಬಿಡಿಸಿ ಬಿಗಿಯಾಗಿ ಸೇರಿಸಿ, ಬನಾನಾ ಪ್ಲಗ್ ಹಾಕಿದ್ರೆ ಇನ್ನೂ ಒಳ್ಳೇದು, ಪ್ರತಿ ಅಕ್ಟೋಬರಲ್ಲಿ ಒಂದು ಸಲ ನೋಡಿ. ಆಮೇಲೂ ಸದ್ದು ಹೋಗ್ಲಿಲ್ಲ ಅಂದ್ರೆ ಎಡ ಬಲ ವೈರ್ ಅದಲುಬದಲು ಮಾಡಿ ನೋಡಿ, ಸದ್ದು ಇನ್ನೊಂದು ಸ್ಪೀಕರಿಗೆ ಹೋದ್ರೆ ತೊಂದರೆ ಆಂಪ್ಲಿಫೈಯರಿಂದು, ಅದೇ ಸ್ಪೀಕರಲ್ಲಿ ಉಳಿದ್ರೆ ಸ್ಪೀಕರಿಂದು. ಗುಡುಗು ಶುರು ಆಗೋ ಮೊದ್ಲೇ ಕರೆಂಟ್ ಪ್ಲಗ್ ಜೊತೆ ಡಿಶ್ಶಿನ ಕೇಬಲ್ಲು, ಇಂಟರ್‌ನೆಟ್ ವೈರೂ ಕಿತ್ತಿಡಿ, ಸಿಡಿಲಿನ ಸರ್ಜ್ ಆ ದಾರಿಯಲ್ಲೂ ಬರತ್ತೆ. ಸರ್ಜ್ ಪ್ರೊಟೆಕ್ಟರ್ ತಗೊಳ್ಳೋ ಮೊದ್ಲು ಎಲೆಕ್ಟ್ರಿಶಿಯನ್ ಕರೆಸಿ ಮನೆ ಅರ್ಥಿಂಗ್ ಅಳೆಸಿ, ಅರ್ಥಿಂಗ್ ಸರಿ ಇಲ್ದಿದ್ರೆ ಅದು ಕಾಪಾಡಲ್ಲ.