ಓದುಗರು ಕೇಳಿದ್ದು: ಒರೆಗಾನ್ ಕಡಲ ಪಕ್ಕ ಆರ್‌ವಿ ನಿಲ್ಸಿದ್ರೆ ಸುತ್ತ ಏನೇನಿದೆ?

ಆರ್‌ವಿ ಅಂದ್ರೆ ಒಳಗೇ ಮಲಗೋಕೆ, ಅಡುಗೆಗೆ, ಸ್ನಾನಕ್ಕೆ ಜಾಗ ಇರೋ ಮನೆಯಂಥ ಗಾಡಿ, ಅದನ್ನ ರಾತ್ರಿ ನಿಲ್ಸೋ ಜಾಗ ಆರ್‌ವಿ ಪಾರ್ಕು. ಹೋದ ಸಂಚಿಕೇಲಿ ಅಮೆರಿಕದ ಆರ್‌ವಿ ಪಾರ್ಕುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದಕ್ಕೆ ಪ್ರಶ್ನೆಗಳು ಬಂದಿದ್ದೇ ಬಂದಿದ್ದು, ಅದ್ರಲ್ಲೂ ಒರೆಗಾನ್ ಕಡಲತೀರದ ಬಗ್ಗೆನೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ವಿಷ್ಯ ಪಕ್ಕಕ್ಕಿಟ್ಟು ಪೂರ್ತಿ ಅದೇ.

ಪ್ರಶ್ನೆ: ನಾವಿರೋದು ಪೋರ್ಟ್‌ಲ್ಯಾಂಡಲ್ಲಿ. ಜುಲೈಗೆ ಅಪ್ಪ ಅಮ್ಮ ಬರ್ತಿದಾರೆ, ಇಬ್ರಿಗೂ ಅರವತ್ತು ದಾಟಿದೆ. ಕ್ಲಾಸ್ ಸಿ (ಮಧ್ಯಮ ಗಾತ್ರದ) ಆರ್‌ವಿ ಬಾಡಿಗೆಗೆ ತಗೊಂಡು ಆಸ್ಟೋರಿಯಾದಿಂದ ಬ್ರೂಕಿಂಗ್ಸ್ ತನಕ ಪೂರ್ತಿ ಕಡಲತೀರ ಒಂದು ವಾರದಲ್ಲಿ ಮುಗಿಸೋಣ ಅಂತಿದೀವಿ, ದಿನಕ್ಕೊಂದು ಪಾರ್ಕಲ್ಲಿ ರಾತ್ರಿ ಉಳ್ಕೊಂಡು. ಆಗುತ್ತಾ?

ಉತ್ತರ: ಆಗುತ್ತೆ, ಆದ್ರೆ ಬೇಡ. ಒರೆಗಾನ್ ಕಡಲತೀರ ಸುಮಾರು 363 ಮೈಲಿ, ಹೈವೇ 101 ಅದರ ಪಕ್ಕಕ್ಕೇ ಹೋಗುತ್ತೆ, ಮ್ಯಾಪಲ್ಲಿ ನೋಡಿದ್ರೆ ಏನಿಲ್ಲ ಅನ್ಸುತ್ತೆ. ಆದ್ರೆ ಆರ್‌ವಿ ಅಂದ್ರೆ ಬರೀ ಓಡ್ಸೋದಲ್ಲ ಅಲ್ವಾ, ಪ್ರತಿ ದಿನ ಬೆಳಗ್ಗೆ ಕರೆಂಟ್ ವೈರ್ ಕಿತ್ತು, ನೀರಿನ ಪೈಪ್ ಸುತ್ತಿ, ಒಳಗಿರೋ ಪಾತ್ರೆ ಪಗಡೆ ಬೀಳದ ಹಾಗೆ ಎತ್ತಿಟ್ಟು ಹೊರಟು, ಮಧ್ಯಾಹ್ನ ಮತ್ತೊಂದು ಕಡೆ ಹೋಗಿ ಗಾಡಿ ಮಟ್ಟಸ ಮಾಡಿ ಅದೇ ವೈರು ಅದೇ ಪೈಪು ಮತ್ತೆ ಜೋಡ್ಸಬೇಕು. ಏಳು ದಿನ ಇದನ್ನೇ ಮಾಡಿದ್ರೆ ಅಪ್ಪ ಅಮ್ಮನಿಗೆ ನೆನಪಲ್ಲಿ ಉಳಿಯೋದು ನಿಮ್ಮ ಸಿಡಿಮಿಡಿ ಮಾತ್ರ.

ನನ್ನ ಕೇಳಿದ್ರೆ ಎರಡೇ ಜಾಗ ಇಟ್ಕೊಳಿ. ಒಂದು ನ್ಯೂಪೋರ್ಟ್ ಹತ್ರ ಸೌತ್ ಬೀಚ್ ಸ್ಟೇಟ್ ಪಾರ್ಕ್, ಇನ್ನೊಂದು ಫ್ಲಾರೆನ್ಸ್ ಪಕ್ಕದ ಹನಿಮನ್ ಸ್ಟೇಟ್ ಪಾರ್ಕ್. ಮಧ್ಯೆ ಇರೋದು ಐವತ್ತು ಮೈಲಿ ಚಿಲ್ಲರೆ, ಅಷ್ಟೇ. ಸಾಧ್ಯ ಆದ್ರೆ ಜೊತೇಲಿ ಒಂದು ಸಣ್ಣ ಕಾರನ್ನೂ ಯಾರಾದ್ರೂ ಓಡಿಸ್ಕೊಂಡು ಬರಲಿ. ಆರ್‌ವಿ ಪಾರ್ಕಲ್ಲೇ ನಿಂತಿರಲಿ, ನೀವು ಕಾರಲ್ಲಿ ಸುತ್ತಿ. ಯಾಕಂದ್ರೆ ಈ ಊರುಗಳು ಸಣ್ಣವು, ವ್ಯೂಪಾಯಿಂಟುಗಳ ಪಾರ್ಕಿಂಗ್ ಇನ್ನೂ ಸಣ್ಣದು, ಜುಲೈನಲ್ಲಿ ಇಪ್ಪತ್ತೈದು ಅಡಿ ಗಾಡಿ ತಗೊಂಡು ಒಳಗೆ ಹೋದ್ರೆ ತಿರುಗಿಸ್ಕೊಂಡು ಆಚೆ ಬರೋದೇ ಒಂದು ಕೆಲಸ ಆಗ್ಬಿಡುತ್ತೆ.

ನ್ಯೂಪೋರ್ಟಲ್ಲಿ ನಿಂತ್ರೆ ಮೊದ್ಲು ಯಕ್ವಿನಾ ಹೆಡ್ ದೀಪಸ್ತಂಭ. 1873ರಲ್ಲಿ ದೀಪ ಹಚ್ಚಿದ್ದು, 93 ಅಡಿ, ಒರೆಗಾನಿನಲ್ಲೇ ಎತ್ತರದ್ದು. ತುದಿಗೆ 114 ಮೆಟ್ಟಿಲು, ಅಮ್ಮನ ಮಂಡಿ ಒಪ್ಪದಿದ್ರೆ ಬಿಡಿ, ಕೆಳಗೇ ನಿಂತು ನೋಡೋಕೂ ಬೇಕಾದಷ್ಟಿದೆ. ಬೇಸಿಗೇಲಿ ಎದುರಿನ ಬಂಡೆಗಳ ಮೇಲೆ ಮರ್ ಅನ್ನೋ ಕಪ್ಪು ಬಿಳಿ ಕಡಲ ಹಕ್ಕಿಗಳು ಕಾಲಿಡೋಕೂ ಜಾಗ ಇಲ್ಲದ ಹಾಗೆ ಕೂತಿರ್ತವೆ. ಅಲ್ಲೇ ಕೆಳಗಿರೋ ಕಾಬಲ್ ಬೀಚಲ್ಲಿ ಮರಳಿಲ್ಲ, ಪೂರ್ತಿ ಕರೀ ಗುಂಡುಕಲ್ಲು, ಅಲೆ ಹಿಂದಕ್ಕೆ ಹೋಗುವಾಗ ಕಲ್ಲುಗಳೆಲ್ಲ ಒಂದಕ್ಕೊಂದು ಉಜ್ಜಿ ಬರೋ ಸದ್ದು ಕೇಳೋಕೆ ಅಂತಲೇ ಹೋಗ್ಬೇಕು.

ಇನ್ನೊಂದು ದಿನ ದಕ್ಷಿಣಕ್ಕೆ ಹೊರಡಿ, ಯಾಹಾಟ್ಸ್ ದಾಟಿದ ತಕ್ಷಣ ಕೇಪ್ ಪರ್ಪೆಚುವಾ. ಥಾರ್ಸ್ ವೆಲ್ ಅಂತ ಬಂಡೇಲಿ ಒಂದು ತೂತಿದೆ, ಕೆಳಗಿಂದ ನೀರು ತುಂಬ್ಕೊಂಡು ಬಂದು ಉಕ್ಕಿ ಮತ್ತೆ ಒಳಗೇ ಇಳಿದು ಹೋಗುತ್ತೆ. ಉಬ್ಬರದ ಹೊತ್ತಲ್ಲಿ ಭಾರೀ ಚೆನ್ನಾಗಿರುತ್ತೆ, ಅದೇ ಹೊತ್ತಲ್ಲಿ ಅಪಾಯನೂ ಜಾಸ್ತಿ, ಹಾಗಾಗಿ ಮೇಲಿನ ದಾರೀಲೇ ನಿಂತು ನೋಡಿ, ಫೋಟೋಗೋಸ್ಕರ ಅಂಚಿಗೆ ಇಳೀಬೇಡಿ. ಅಲ್ಲಿಂದ ಇನ್ನೂ ಮುಂದೆ ಹೋದ್ರೆ 1894ರ ಹೆಸೀಟಾ ಹೆಡ್ ದೀಪಸ್ತಂಭ, ಅದಾದ್ಮೇಲೆ ಸೀ ಲಯನ್ ಕೇವ್ಸ್, ಅಂದ್ರೆ ಕಡಲಸಿಂಹಗಳಿರೋ ಗುಹೆ. ವಾಸನೆಗೆ ಮೊದಲೇ ತಯಾರಾಗಿ.

ಹನಿಮನ್‌ಗೆ ಯಾಕೆ ಹೋಗಿ ಅಂದೆ ಅಂದ್ರೆ ಅಲ್ಲಿ ಮರಳುಗುಡ್ಡ ಮತ್ತೆ ಸಿಹಿನೀರಿನ ಕೆರೆ ಎರಡೂ ಅಕ್ಕಪಕ್ಕ. ಫ್ಲಾರೆನ್ಸಿಂದ ಕೂಸ್ ಬೇ ತನಕ ನಲವತ್ತು ಮೈಲಿ ಮರಳೋ ಮರಳು, ಒರೆಗಾನ್ ಡ್ಯೂನ್ಸ್ ಅಂತಾರೆ, 1972ರಿಂದ ಸಂರಕ್ಷಿತ ಜಾಗ. ಪಾರ್ಕೊಳಗಿನ ಕ್ಲಿಯಾವಾಕ್ಸ್ ಕೆರೇಲಿ ಬೇಸಿಗೆಯಲ್ಲಿ ಆರಾಮಾಗಿ ಈಜಬಹುದು, ಮರಳುಗುಡ್ಡ ಸೀದಾ ನೀರಿಗೇ ಇಳಿಯುತ್ತೆ. ಆಸ್ಟೋರಿಯಾ, ಬ್ರೂಕಿಂಗ್ಸ್ ಎಲ್ಲಾ ಇನ್ನೊಂದು ವರ್ಷಕ್ಕಿರಲಿ.

ಪ್ರಶ್ನೆ: ಜುಲೈಗೆ ಎಲ್ಲಾ ಸ್ಟೇಟ್ ಪಾರ್ಕೂ ಫುಲ್ ತೋರಿಸ್ತಿದೆ ಸರ್. ಈಗೇನ್ ಮಾಡೋದು?

ಉತ್ತರ: ಒರೆಗಾನ್ ಸ್ಟೇಟ್ ಪಾರ್ಕುಗಳ ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತೆ, ಬೇಸಿಗೆ ವಾರಾಂತ್ಯಗಳು ತೆರೆದ ದಿನವೇ ಖಾಲಿ ಆಗ್ತವೆ ಅನ್ಕೊಂಡೇ ಕೂರಬೇಕು. ಆದ್ರೂ ಕ್ಯಾನ್ಸಲ್ ಮಾಡೋರು ಇದ್ದೇ ಇರ್ತಾರೆ, ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳನ್ನ ಆಗಾಗ ತೆರೆದು ನೋಡ್ತಿರಿ, ಒಂದೇ ಸೈಟ್ ಬೇಕು ಅಂತ ಹಟ ಬೇಡ. ನೀವು ಬೇರೆ ರಾಜ್ಯದಲ್ಲಿರೋರಾದ್ರೆ ಆರ್‌ವಿ ಸೈಟಿಗೆ 25% ಜಾಸ್ತಿ ಕೊಡ್ಬೇಕು, ಅದನ್ನ ಲೆಕ್ಕಕ್ಕೆ ತಗೊಳಿ. ಖಾಸಗಿ ಆರ್‌ವಿ ಪಾರ್ಕುಗಳು 101ರ ಉದ್ದಕ್ಕೂ ಇವೆ, ಅಲ್ಲಿ ಗಾಡಿಗಳು ಒತ್ತೊತ್ತಾಗಿ ನಿಂತಿರ್ತವೆ, ಮರ ಗಿಡ ಕಮ್ಮಿ, ಆದ್ರೆ ಲಾಂಡ್ರಿ, ವೈಫೈ, ಸೈಟಲ್ಲೇ ಸೂಯರ್ (ಕೊಳಚೆ ನೀರು ಬಿಡೋ ಪೈಪಿನ) ಕನೆಕ್ಷನ್ ಸಿಗೋದು ಅಲ್ಲೇ ಜಾಸ್ತಿ.

ರಜೆ ನಿಮ್ಮ ಕೈಲಿದ್ರೆ ಸೆಪ್ಟೆಂಬರ್‌ಗೆ ಹೋಗಿ ಅಂತೀನಿ. ಜುಲೈನಲ್ಲಿ ಒಳನಾಡು ಕಾದಷ್ಟೂ ಕಡಲ ಪಕ್ಕ ಮಂಜು ಮುಸುಕುತ್ತೆ, ಪೋರ್ಟ್‌ಲ್ಯಾಂಡಲ್ಲಿ ಬೆವರು ಸುರಿಸ್ಕೊಂಡು ಶಾರ್ಟ್ಸ್ ಹಾಕಿ ಹೊರಟೋರು ಎರಡು ತಾಸಲ್ಲಿ ಜಾಕೆಟ್ ಹುಡುಕ್ತಾರೆ. ಸೆಪ್ಟೆಂಬರಲ್ಲಿ ಗಾಳಿನೂ ಕಮ್ಮಿ, ಜನನೂ ಕಮ್ಮಿ, ಆಕಾಶನೂ ತಿಳಿ.

ಪ್ರಶ್ನೆ: 30 ಆಂಪ್ ಸೈಟ್ ಸಿಕ್ಕಿದೆ. ಇಂಡಕ್ಷನ್ ಒಲೆ, ರೈಸ್ ಕುಕ್ಕರ್, ಹೀಟರ್ ಎಲ್ಲಾ ತಗೊಂಡ್ ಹೋಗ್ತಿದೀವಿ. ತಡ್ಕೊಳುತ್ತಾ? 50 ಆಂಪೇ ಬೇಕಾ?

ಉತ್ತರ: 30 ಆಂಪ್ ಅಂದ್ರೆ 120 ವೋಲ್ಟ್ ಲೆಕ್ಕದಲ್ಲಿ 3600 ವ್ಯಾಟ್, ಅಲ್ಲಿಗೆ ಮುಗೀತು. ಇಂಡಕ್ಷನ್ ಫುಲ್ ಇಟ್ರೆ 1800, ರೂಮ್ ಹೀಟರ್ 1500, ಇವೆರಡೇ ಸೇರಿ ಅಂಚಿಗೆ ಬಂತು, ಅಷ್ಟರಲ್ಲಿ ಯಾರೋ ಸ್ನಾನಕ್ಕೆ ಅಂತ ವಾಟರ್ ಹೀಟರನ್ನ ಕರೆಂಟ್ ಮೇಲೆ ಹಾಕಿದ್ರೆ ಬ್ರೇಕರ್ ಬಿತ್ತು ಅಂತಲೇ ಲೆಕ್ಕ. ಉಪಾಯ ಏನಿಲ್ಲ, ಹಂಚ್ಕೊಂಡು ಬಳಸಿ. ವಾಟರ್ ಹೀಟರ್, ಫ್ರಿಜ್ ಗ್ಯಾಸಲ್ಲೂ ಓಡೋ ಥರದ್ದಾದ್ರೆ ಅಡುಗೆ ಹೊತ್ತಲ್ಲಿ ಗ್ಯಾಸಿಗೆ ಬದಲಾಯಿಸಿ, ಅಡುಗೆ ಮುಗಿಯೋ ತನಕ ಹೀಟರ್ ಆಫ್. 50 ಆಂಪಲ್ಲಿ ಎರಡು ಲೈನ್ ಬರುತ್ತೆ, ಒಟ್ಟು 12,000 ವ್ಯಾಟ್, ಆದ್ರೆ ಅದು ಬೇಕಾಗೋದು ಎರಡು ಎಸಿ ಇರೋ ದೊಡ್ಡ ಗಾಡಿಗೆ. ಒರೆಗಾನ್ ಕಡಲ ಪಕ್ಕ ಎಸಿ ಹಾಕೋ ದಿನ ಅಪರೂಪ, ಬೇಸಿಗೇಲೂ ಹಗಲು 18 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಬೇಕಾಗೋದು ಹೀಟರೇ.

ಪೆಡೆಸ್ಟಲ್ ಅಂದ್ರೆ ಸೈಟಲ್ಲಿರೋ ಕರೆಂಟ್ ಕಂಬ, ಅದರ ಬ್ರೇಕರ್ ಆಫ್ ಮಾಡಿ ಪ್ಲಗ್ ಹಾಕಿ, ಆಮೇಲೆ ಆನ್. ಮಧ್ಯೆ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದ್ರೆ ಗಾಡಿ ಕಾಯೋ ಸಾಧನ) ಇರಲಿ. ನೀರಿನ ನಲ್ಲಿಗೆ ಪ್ರೆಶರ್ ರೆಗ್ಯುಲೇಟರ್ ಹಾಕದೆ ಪೈಪ್ ಜೋಡ್ಸಬೇಡಿ, ಕೆಲವು ಪಾರ್ಕಲ್ಲಿ ಪ್ರೆಶರ್ ಜೋರಿರುತ್ತೆ, ಗಾಡಿ ಒಳಗಿನ ಪ್ಲಾಸ್ಟಿಕ್ ಪೈಪು ಕಿತ್ಕೊಂಡ್ರೆ ರಿಪೇರಿ ಬಾಡಿಗೆಗಿಂತ ದುಬಾರಿ. ಇವೆಲ್ಲ ಬಾಡಿಗೆ ಗಾಡಿ ಜೊತೆಗೇ ಕೊಡ್ತಾರಾ ಅಂತ ಮೊದಲೇ ಕೇಳಿ.

ಪ್ರಶ್ನೆ: ಕೇಳೋಕೆ ಸಂಕೋಚ. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋದು ಹೇಗೆ? ಯಾವಾಗ್ಲೂ ಪೈಪ್ ಹಾಕಿ ತೆರೆದಿಟ್ರೆ ತಾನಾಗೇ ಹೋಗ್ತಿರುತ್ತೆ ಅಲ್ವಾ?

ಉತ್ತರ: ಸಂಕೋಚ ಬಿಡಿ, ಎಲ್ಲರ ಮನಸಲ್ಲೂ ಇರೋ ಪ್ರಶ್ನೆ ಇದು. ತೆರೆದಿಡಲೇ ಬೇಡಿ. ತೆರೆದಿಟ್ರೆ ನೀರೆಲ್ಲ ಹರಿದು ಹೋಗಿ ಗಟ್ಟಿದು ಟ್ಯಾಂಕ್ ತಳದಲ್ಲೇ ಗುಡ್ಡೆ ಕಟ್ಟುತ್ತೆ, ಆಮೇಲೆ ಅದನ್ನ ಕರಗಿಸೋರು ಯಾರು. ಟಾಯ್ಲೆಟಿನ ಬ್ಲ್ಯಾಕ್ ಟ್ಯಾಂಕ್ ಮುಚ್ಚೇ ಇಟ್ಟು ಮೂರರಲ್ಲಿ ಎರಡು ಪಾಲು ತುಂಬಿದ್ಮೇಲೆ ಒಂದೇ ಸಲ ಬಿಡಿ, ಜೋರಾಗಿ ಹೋಗುತ್ತೆ. ಅದಾದ್ಮೇಲೆ ಸಿಂಕು ಶವರಿನ ನೀರಿರೋ ಗ್ರೇ ಟ್ಯಾಂಕ್ ಬಿಟ್ರೆ ಪೈಪನ್ನೂ ತೊಳ್ಕೊಂಡು ಹೋಗುತ್ತೆ. ಈ ಕ್ರಮ ಮಾತ್ರ ತಪ್ಪಿಸ್ಬೇಡಿ. ಗ್ಲೌಸ್ ಹಾಕ್ಕೊಳಿ, ಕುಡಿಯೋ ನೀರಿನ ಪೈಪನ್ನ ಆ ಕಡೆಗೆ ತರಲೇಬೇಡಿ.

ಟಾಯ್ಲೆಟಲ್ಲಿ ನೀರೇ ಬಳಸೋ ಅಭ್ಯಾಸದ ನಮ್ಮಂಥ ಮನೆಯೋರಿಗೆ ಟ್ಯಾಂಕ್ ಬೇಗ ತುಂಬುತ್ತೆ, ಆದ್ರೆ ಟ್ಯಾಂಕಿಗೆ ಅದು ಒಳ್ಳೇದೇ, ನೀರು ಜಾಸ್ತಿ ಇದ್ದಷ್ಟೂ ಕಟ್ಕೊಳಲ್ಲ. ವೆಟ್ ವೈಪ್ಸ್ ಮಾತ್ರ ಹಾಕ್ಬೇಡಿ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. ಅಡುಗೆ ಎಣ್ಣೆ, ಅನ್ನದ ಅಗಳು ಸಿಂಕಿಗೆ ಬೇಡ. ಸೌತ್ ಬೀಚಲ್ಲಿ ಸೈಟಲ್ಲಿ ಕರೆಂಟು ನೀರು ಇರುತ್ತೆ, ಸೂಯರ್ ಇರಲ್ಲ, ಹೊರಡೋ ದಿನ ಡಂಪ್ ಸ್ಟೇಷನ್ನಿಗೆ, ಅಂದ್ರೆ ಟ್ಯಾಂಕ್ ಖಾಲಿ ಮಾಡೋ ಜಾಗಕ್ಕೆ ಹೋಗ್ಬೇಕು, ಅದಕ್ಕೇ ಸ್ನಾನ ಆದಷ್ಟೂ ಪಾರ್ಕಿನ ಸ್ನಾನದ ಮನೇಲೇ ಮುಗಿಸಿ.

ಪ್ರಶ್ನೆ: ಮಕ್ಕಳು ಸಮುದ್ರದಲ್ಲಿ ಆಡ್ಬಹುದಾ? ಫೋಟೋದಲ್ಲಿ ನೋಡಿದ್ರೆ ಶಾಂತವಾಗೇ ಇದೆ.

ಉತ್ತರ: ಫೋಟೋ ನಂಬ್ಬೇಡಿ ಅಮ್ಮ. ನೀರು 10ರಿಂದ 13 ಡಿಗ್ರಿ, ಪಾದ ಇಟ್ರೆ ಮರಗಟ್ಟುತ್ತೆ, ಇಲ್ಲಿ ಸರ್ಫ್ ಮಾಡೋರೆಲ್ಲ ಮೈ ತುಂಬ ವೆಟ್‌ಸೂಟ್ ಹಾಕಿರೋದು ಶೋಕಿಗಲ್ಲ. ಅದಕ್ಕಿಂತ ಭಯ ಸ್ನೀಕರ್ ವೇವ್. ಹತ್ತು ಹದಿನೈದು ನಿಮಿಷ ಅಲೆಗಳೆಲ್ಲ ಸಾಧಾರಣವಾಗಿ ಬರ್ತಿರ್ತವೆ, ಇದ್ದಕ್ಕಿದ್ದ ಹಾಗೆ ಒಂದು ಮಾತ್ರ ದಡದಲ್ಲಿ ಎಷ್ಟೋ ಮೇಲಿನ ತನಕ ನುಗ್ಗಿ ಬರುತ್ತೆ, ನಿಂತಿರೋರ ಕಾಲು ಕಿತ್ತು ಎಳ್ಕೊಂಡು ಹೋಗುತ್ತೆ. ದಡದಲ್ಲಿ ಬಿದ್ದಿರೋ ದೊಡ್ಡ ದೊಡ್ಡ ಮರದ ದಿಮ್ಮಿಗಳ ಮೇಲೆ ಮಕ್ಕಳನ್ನ ಹತ್ತಿಸ್ಬೇಡಿ, ಕೆಲವೇ ಇಂಚು ನೀರು ಬಂದ್ರೂ ಟನ್‌ಗಟ್ಟಲೆ ತೂಕದ ದಿಮ್ಮಿ ಉರುಳುತ್ತೆ, ಕೆಳಗೆ ಸಿಕ್ಕಿದೋರು ಉಳಿಯಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಬೇಡಿ ಅಂತ ಬೀಚ್ ಬೀಚಲ್ಲೂ ಬೋರ್ಡ್ ಹಾಕಿರೋದು ಇದಕ್ಕೇ.

ಮಕ್ಕಳಿಗೆ ಖುಷಿ ಬೇಕಂದ್ರೆ ಇಳಿತದ ಹೊತ್ತಲ್ಲಿ ಟೈಡ್‌ಪೂಲ್, ಅಂದ್ರೆ ಬಂಡೆ ಸಂದೀಲಿ ಉಳ್ಕೊಳೋ ಕಡಲ ನೀರಿನ ಗುಂಡಿ ತೋರ್ಸಿ. ಟೈಡ್ ಟೇಬಲ್ ನೋಡಿ ಪೂರ್ತಿ ಇಳಿತಕ್ಕೆ ಒಂದು ತಾಸು ಮುಂಚೆನೇ ಹೋಗಿ, ನೀರು ಮತ್ತೆ ಏರೋಕೆ ಶುರುವಾದ ತಕ್ಷಣ ವಾಪಸ್. ಬಂಡೆ ಸಂದಿಯ ನೀರಲ್ಲಿ ನೇರಳೆ, ಕಿತ್ತಳೆ ಬಣ್ಣದ ನಕ್ಷತ್ರಮೀನು, ಹಸಿರು ಅನಿಮೋನಿ, ಮುಳ್ಳುಮುಳ್ಳು ಅರ್ಚಿನ್ ಎಲ್ಲಾ ಕಾಣುತ್ತೆ. ಕಿತ್ತು ತೆಗೀಬಾರದು, ಬರಿಗಲ್ಲು ಅಥವಾ ಮರಳಿನ ಮೇಲೆ ಮಾತ್ರ ಕಾಲಿಡಬೇಕು. ಕ್ಯಾನನ್ ಬೀಚ್ ಕಡೆ ಹೋದ್ರೆ 235 ಅಡಿಯ ಹೇಸ್ಟ್ಯಾಕ್ ರಾಕ್ ಬುಡದಲ್ಲೂ ಇದೆಲ್ಲಾ ಇದೆ, ಬೇಸಿಗೆ ಮೊದಲ ಭಾಗದಲ್ಲಿ ಮೇಲೆ ಪಫಿನ್ ಹಕ್ಕಿನೂ ಸಿಗುತ್ತೆ, ಬೈನಾಕ್ಯುಲರ್ ಮರೀಬೇಡಿ.

ಪ್ರಶ್ನೆ: ತಿಮಿಂಗಿಲ ನೋಡೋಕೆ ಬೋಟೇ ಹತ್ತಬೇಕಾ? ನನಗೆ ಬೋಟಲ್ಲಿ ವಾಂತಿ.

ಉತ್ತರ: ಬೇಡ. ಡೆಪೋ ಬೇ ಅಂತ ನ್ಯೂಪೋರ್ಟಿಂದ ಉತ್ತರಕ್ಕೆ ಹದಿಮೂರು ಮೈಲಿ, ಊರ ಮಧ್ಯದ ಕಡಲಗೋಡೆ ಮೇಲೆ ನಿಂತ್ರೆ ಸಾಕು, ಅಲ್ಲೇ ಒಂದು ವೇಲ್ ವಾಚಿಂಗ್ ಸೆಂಟರ್ ಇದೆ, ಉಚಿತ. ಗ್ರೇ ವೇಲ್‌ಗಳು ಡಿಸೆಂಬರ್ ಕೊನೆ, ಜನವರಿಲಿ ಮೆಕ್ಸಿಕೋ ಕಡೆ ಹೋಗ್ತವೆ, ಮಾರ್ಚ್ ಕೊನೆಯಿಂದ ಅಲಾಸ್ಕಾ ಕಡೆ ವಾಪಸ್. ಒಂದಿಷ್ಟು ಮಾತ್ರ ಅಷ್ಟು ದೂರ ಹೋಗದೆ ಬೇಸಿಗೆ ಪೂರ್ತಿ ಇಲ್ಲೇ ದಡದ ಹತ್ರ ಮೇಯ್ಕೊಂಡಿರ್ತವೆ, ಜುಲೈನಲ್ಲಿ ಹೋದೋರಿಗೆ ಕಾಣೋದು ಅವೇ. ಮೊದ್ಲು ಉಸಿರಿನ ಚಿಲುಮೆ ಹುಡುಕಿ, ಬೆನ್ನು ಆಮೇಲೆ ಕಾಣುತ್ತೆ.

ಪ್ರಶ್ನೆ: ದೊಡ್ಡ ದೊಡ್ಡ ರೆಸಾರ್ಟು, ಬಂಗಲೆ ಮುಂದೆ ಬೀಚಲ್ಲಿ ನಡ್ಕೊಂಡ್ ಹೋದ್ರೆ ಯಾರಾದ್ರೂ ಬೈತಾರಾ?

ಉತ್ತರ: ಧೈರ್ಯವಾಗಿ ಹೋಗಿ. 1913ರಲ್ಲಿ ಗವರ್ನರ್ ಓಸ್ವಾಲ್ಡ್ ವೆಸ್ಟ್ ಉಬ್ಬರ ಇಳಿತದ ನಡುವಿನ ಮರಳನ್ನ ಸಾರ್ವಜನಿಕ ಹೆದ್ದಾರಿ ಅಂತ ಕಾನೂನು ಮಾಡಿಸಿದ್ರು. ಆಮೇಲೆ ಒಂದು ಮೋಟೆಲ್‌ನೋರು ಒಣಮರಳಿಗೆ ಬೇಲಿ ಹಾಕಿ ಗಲಾಟೆ ಆಗಿ, 1967ರಲ್ಲಿ ಟಾಮ್ ಮೆಕಾಲ್ ಗವರ್ನರ್ ಆಗಿದ್ದಾಗ ಬೀಚ್ ಬಿಲ್ ಬಂತು, ಗಿಡ ಹುಲ್ಲು ಶುರುವಾಗೋ ಗೆರೆ ತನಕ ಓಡಾಡೋ ಹಕ್ಕು ಎಲ್ಲರದ್ದೂ. ಬಂಗಲೆಯವರ ಅಂಗಳ ದಾಟ್ಕೊಂಡು ಬೀಚಿಗೆ ಇಳಿಯೋ ಹಾಗಿಲ್ಲ ಅಷ್ಟೇ, ಸಾರ್ವಜನಿಕ ದಾರೀಲಿ ಇಳೀರಿ.

ಪ್ರಶ್ನೆ: ಪಾರ್ಕ್ ತುಂಬಾ ಸುನಾಮಿ ಬೋರ್ಡ್ ಇದೆಯಂತೆ, ನಮ್ಮ ಮನೆಯೋರು ಅದನ್ನ ಕೇಳೇ ಬರಲ್ಲ ಅಂತಿದಾರೆ. ಏನ್ ಹೇಳ್ಲಿ?

ಉತ್ತರ: ಬೋರ್ಡ್ ಇರೋದು ನಿಜ, ಕಾರಣನೂ ಇದೆ. ದಡದಿಂದ ಆಚೆ ಕಡಲ ತಳದಲ್ಲಿ ಕ್ಯಾಸ್ಕೇಡಿಯಾ ಅನ್ನೋ ಕಡೆ ಭೂಫಲಕ ಒಂದು ಇನ್ನೊಂದರ ಕೆಳಗೆ ತೂರ್ತಾ ಇದೆ, ಕೊನೇ ದೊಡ್ಡ ಭೂಕಂಪ ಆಗಿದ್ದು 1700ರ ಜನವರಿ 26ಕ್ಕೆ, ಆಗ ಎದ್ದ ಸುನಾಮಿ ಜಪಾನ್ ತನಕ ಹೋಗಿದ್ದು ಅಲ್ಲಿನ ದಾಖಲೇಲಿದೆ. ಮತ್ತೆ ಯಾವತ್ತು ಅಂತ ಯಾರೂ ಹೇಳೋಕಾಗಲ್ಲ. ಅದಕ್ಕೆ ಹೋದ ದಿನ ಸಂಜೆನೇ, ವಾಕಿಂಗ್ ನೆಪದಲ್ಲಿ, ಪಾರ್ಕಿನ ಎವ್ಯಾಕ್ಯುಯೇಷನ್ ಬಾಣದ ಗುರುತು ಹಿಡ್ಕೊಂಡು ಎತ್ತರದ ಜಾಗದ ತನಕ ಮನೆಯೋರನ್ನೆಲ್ಲ ಕರ್ಕೊಂಡು ಒಂದ್ಸಲ ನಡೀರಿ. ನೆಲ ಜೋರಾಗಿ ನಡುಗಿದ್ರೆ ಸೈರನ್ನಿಗೆ ಕಾಯ್ಬೇಡಿ, ನಡುಕ ನಿಂತ ತಕ್ಷಣ ಅದೇ ದಾರೀಲಿ ಕಾಲ್ನಡಿಗೇಲೇ ಹೊರಡಿ. ಆರ್‌ವಿ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ, ವೈರು ಪೈಪು ಕಿತ್ತು ಮುಗಿಸೋ ಅಷ್ಟರಲ್ಲಿ ನೀವು ಅರ್ಧ ದಾರಿ ನಡೆದಿರ್ತೀರಿ.

ಪ್ರಶ್ನೆ: ಬೆಳಗ್ಗೆ ಎದ್ರೆ ಗಾಡಿ ಕಿಟಕಿ ಒಳಗಡೆ ಪೂರ್ತಿ ನೀರಿಳೀತಿರುತ್ತೆ, ಹಾಸಿಗೆನೂ ತೇವ. ಗಾಡಿ ಸೋರ್ತಿದೆಯಾ?

ಉತ್ತರ: ಬಹುಶಃ ಸೋರ್ತಿಲ್ಲ, ನಿಮ್ಮ ಉಸಿರೇ ಅದು. ಹೊರಗೆ ತಣ್ಣಗೆ, ಒಳಗೆ ನಾಲ್ಕು ಜನ ಮಲಗಿ ಎಲ್ಲಾ ಕಿಟಕಿ ಮುಚ್ಚಿದ್ರೆ ಆವಿ ಗಾಜಿನ ಮೇಲೆ ನೀರಾಗುತ್ತೆ, ಒಳಗೇ ಬೇಯ್ಸಿದ್ರೆ ಇನ್ನೂ ಜಾಸ್ತಿ. ಚಾವಣಿ ವೆಂಟ್ ಒಂದು ಬೆರಳಷ್ಟು ತೆರೆದಿಡಿ, ಅಡುಗೆ ಮಾಡೋವಾಗ ಫ್ಯಾನ್ ಹಾಕಿ, ಹಾಸಿಗೆನ ಗೋಡೆಗೆ ಒತ್ತಿ ಇಡ್ಬೇಡಿ. ಮಧ್ಯಾಹ್ನ ವಾಯವ್ಯದಿಂದ ಗಾಳಿ ಜೋರಾಗೋದ್ರಿಂದ ಬೀಚಿಗೆ ಬೆಳಗ್ಗೆನೇ ಹೋಗಿ ಬನ್ನಿ, ಹೊರಡೋ ಮುಂಚೆ ಆನಿಂಗ್ (ಗಾಡಿ ಪಕ್ಕಕ್ಕೆ ಚಾಚೋ ಬಟ್ಟೆ ಚಪ್ಪರ) ಸುತ್ತಿಡಿ, ನೀವಿಲ್ಲದಾಗ ಗಾಳಿಗೆ ಅದು ಮುರಿದ್ರೆ ಬಾಡಿಗೆ ಕೊಟ್ಟೋರು ಡಿಪಾಸಿಟ್ ವಾಪಸ್ ಕೊಡಲ್ಲ. ಗಾಡಿ ಸ್ವಂತದ್ದಾದ್ರೆ ಊರಿಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳೀರಿ, ಮುಖ್ಯವಾಗಿ ತಳಭಾಗ, ಉಪ್ಪುಗಾಳಿಗೆ ಮೊದ್ಲು ತುಕ್ಕು ಹಿಡಿಯೋದು ಅಲ್ಲೇ.