ಇಪ್ಪತ್ತು ವರ್ಷ ಸರ್ವಿಸ್ ಆದವರಿಗೂ ತರಬೇತಿ ಯಾಕೆ?

ಈ ಪ್ರಶ್ನೆ ಬರದ ತಿಂಗಳೇ ಇಲ್ಲ. ಈ ಸಲ ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಭಾವ ಏರ್ ಟ್ರಾಫಿಕ್ ಕಂಟ್ರೋಲರ್, ನೆಲದಿಂದ ವಿಮಾನಗಳಿಗೆ ಆದೇಶ ಕೊಡುವ ಕೆಲಸ. ಇಪ್ಪತ್ತು ವರ್ಷ ಸರ್ವಿಸ್ ಆಗಿದೆ. ಆದರೂ ಆಗಾಗ ರಿಫ್ರೆಶರ್ ತರಬೇತಿಗೆ ಕಳಿಸುತ್ತಾರೆ. ಗೊತ್ತಿರುವುದನ್ನೇ ಮತ್ತೆ ಕಲಿಸಿ ಏನು ಪ್ರಯೋಜನ?’

ದಿನಾ ಮಾಡುವ ಕೆಲಸಕ್ಕೆ ತರಬೇತಿ ಬೇಡ, ಒಪ್ಪಿದೆ. ಆದರೆ ಕೆಲಸದ ನಡುವೆ ರೇಡಾರ್ ಪರದೆ ಕಪ್ಪಾಗಿದ್ದನ್ನು ಎಷ್ಟು ಸಲ ನೋಡಿದ್ದಾರೆ ಅಂತ ನಿಮ್ಮ ಭಾವನನ್ನೇ ಕೇಳಿ. ತರಬೇತಿ ಕೊಡುವಾಗ ನಾನು ಸಿಮ್ಯುಲೇಟರ್‌ನಲ್ಲಿ ಬೇಕಂತಲೇ ಹಾಗೆ ಮಾಡುತ್ತಿದ್ದೆ. ಹತ್ತು ವಿಮಾನ ಓಡಾಡುತ್ತಿರುವಾಗ ರೇಡಾರ್ ತೆಗೆದುಬಿಡುತ್ತಿದ್ದೆ. ಆಗ ಕೈ ನೇರವಾಗಿ ಒಂದೊಂದು ವಿಮಾನದ ವಿವರ ಬರೆದಿಟ್ಟ ಸ್ಟ್ರಿಪ್‌ಗಳ ಕಡೆ ಹೋಗಬೇಕು, ಯಾವ ವಿಮಾನ ಎಷ್ಟು ಎತ್ತರದಲ್ಲಿದೆ ಅಂತ ನೋಡಿ ಮೊದಲು 1000 ಅಡಿ ಅಂತರ ಹಾಕಬೇಕು. ಎಷ್ಟೋ ಹಳಬರು ಖಾಲಿ ಪರದೆಯನ್ನೇ ನೋಡುತ್ತಾ ಕೂತಿರುತ್ತಿದ್ದರು. ಗಂಟೆಗೆ 900 ಕಿ.ಮೀ. ವೇಗದ ಎರಡು ಜೆಟ್ ಎದುರುಬದುರಾಗಿ ಬಂದರೆ, ನಾವು ಇಡುವ 5 ನಾಟಿಕಲ್ ಮೈಲಿ (ಸುಮಾರು 9 ಕಿ.ಮೀ.) ಅಂತರ ಸುಮಾರು 18 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ಅನುಭವದಿಂದಲೇ ಹುಟ್ಟುವ ತಪ್ಪೂ ಇದೆ. ನಾವು ‘ತ್ರೀ ಒನ್ ಝೀರೋ’ (31,000 ಅಡಿ ಎತ್ತರ) ಅಂದಿರುತ್ತೇವೆ, ಪೈಲಟ್ ‘ತ್ರೀ ಝೀರೋ ಝೀರೋ’ (30,000 ಅಡಿ) ಅಂತ ತಿರುಗಿ ಹೇಳಿರುತ್ತಾರೆ, ಸಾವಿರಾರು ಸಲ ಸರಿ ಉತ್ತರವನ್ನೇ ಕೇಳಿದ ಕಿವಿಗೆ ಅದೂ ಸರಿ ಅಂತಲೇ ಕೇಳಿಸಿಬಿಡುತ್ತದೆ. ಹೊಸಬರು ಹೆದರಿಕೆಯಿಂದಾದರೂ ಕಿವಿಗೊಟ್ಟು ಕೇಳುತ್ತಾರೆ. ಹಳಬರು ರೆಕಾರ್ಡಿಂಗ್ ಹಾಕುವವರೆಗೂ ಒಪ್ಪುವುದಿಲ್ಲ, ಕೇಳಿದ ಮೇಲೆ ಸ್ವಲ್ಪ ಹೊತ್ತು ಮಾತೇ ಆಡುವುದಿಲ್ಲ.

ಇನ್ನೊಂದು, ಸುಮ್ನಿರುವುದನ್ನು ಕಲಿಯುವುದು. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ಸತ್ತರು. ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣ ಒಂದು ವಿಮಾನಕ್ಕೆ ಮೇಲೇರು ಅನ್ನುತ್ತಿತ್ತು, ಕಂಟ್ರೋಲರ್ ಇಳಿಯಿರಿ ಅಂದರು, ಪೈಲಟ್ ಇಳಿದರು. ಇನ್ನೊಂದು ವಿಮಾನವೂ ತನ್ನ ಟಿಕ್ಯಾಸ್ ಹೇಳಿದಂತೆ ಇಳಿಯುತ್ತಿತ್ತು. ಈಗ ಪೈಲಟ್ ‘ಟಿಕ್ಯಾಸ್ ಆರ್‌ಎ’ (ಟಿಕ್ಯಾಸ್ ಆದೇಶ ಕೊಟ್ಟಿದೆ) ಅಂದ ಕೂಡಲೇ ಕಂಟ್ರೋಲರ್ ಆ ವಿಮಾನಕ್ಕೆ ಏರು, ಇಳಿ, ತಿರುಗು ಅನ್ನುವ ಹಾಗಿಲ್ಲ. ನಿಯಮ ಎಲ್ಲರಿಗೂ ಬಾಯಿಪಾಠ ಇದೆ. ಆದರೆ ಎರಡು ಚುಕ್ಕಿಗಳು ಹತ್ತಿರವಾಗುತ್ತಿರುವಾಗ, ಇಪ್ಪತ್ತು ವರ್ಷ ಆದೇಶ ಕೊಟ್ಟು ಅಭ್ಯಾಸವಾದ ಬಾಯಿ ತಾನಾಗಿ ಮುಚ್ಚುವುದಿಲ್ಲ. ಅವರನ್ನು ಕೂರಿಸಿ, ಅದನ್ನು ಮತ್ತೆ ಮತ್ತೆ ಮಾಡಿಸಬೇಕು.

ಇನ್ನು ಬೇರೆ ಓದುಗರ ಪ್ರಶ್ನೆಗಳು. ‘ಕಂಟ್ರೋಲರ್ ಆದವರು ಇಂಗ್ಲಿಷ್ ಪರೀಕ್ಷೆ ಒಂದು ಸಲ ಪಾಸಾದರೆ ಸಾಕಲ್ವಾ?’ ಸಾಲದು. ಇಂಗ್ಲಿಷ್ ಸಾಮರ್ಥ್ಯದ 4ನೇ ಹಂತದವರಿಗೆ ಮೂರು ವರ್ಷಕ್ಕೊಮ್ಮೆ, 5ನೇ ಹಂತದವರಿಗೆ ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ.

‘ಆನ್‌ಲೈನ್‌ನಲ್ಲಿ ಎಟಿಸಿ (ಏರ್ ಟ್ರಾಫಿಕ್ ಕಂಟ್ರೋಲ್) ರಿಫ್ರೆಶರ್ ಸರ್ಟಿಫಿಕೇಟ್ ಮಾರುತ್ತಾರೆ, ತಗೊಳ್ಳಲಾ?’ ಬೇಡ. ರೇಟಿಂಗ್, ಅಂದರೆ ಕೆಲಸ ಮಾಡಲು ಬೇಕಾದ ಅನುಮತಿ, ಸಿಗುವುದು ಒಂದೊಂದು ಕೇಂದ್ರಕ್ಕೆ. ಬೆಂಗಳೂರಿನದು ಮಂಗಳೂರಿನಲ್ಲಿ ನಡೆಯುವುದಿಲ್ಲ. ವಿಡಿಯೋ ತೋರಿಸಿ ದುಡ್ಡು ಕೀಳುವವರನ್ನು ಹತ್ತಿರ ಸೇರಿಸಬೇಡಿ.

‘ನೈಟ್ ಶಿಫ್ಟ್‌ನಲ್ಲಿ ಚುರುಕಾಗಿರಲು ನೆನಪಿನ ಶಕ್ತಿಯ ಲೇಹ್ಯ ತಿನ್ನಬಹುದಾ?’ ಒಳಗೆ ಏನು ಬೆರೆಸಿದ್ದಾರೋ ಗೊತ್ತಿಲ್ಲದ್ದನ್ನು ತಿಂದು ಮೈಕ್ ಮುಂದೆ ಕೂರಬೇಡಿ. ನೆಗಡಿ ಮಾತ್ರೆಯನ್ನು ಕೂಡ ನಾನು ವೈಮಾನಿಕ ವೈದ್ಯರನ್ನು ಕೇಳದೆ ತೆಗೆದುಕೊಂಡವನಲ್ಲ. ನಿದ್ದೆ ಸಾಲದಿದ್ದರೆ ಕೂರುವ ಮುಂಚೆಯೇ ಸೂಪರ್‌ವೈಸರ್‌ಗೆ ಹೇಳಿ.