360 ಕಂಠ, ಒಂದು ಮುದ್ರಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಟ್ಯಾಬರ್ನೇಕಲ್ ಕ್ವಾಯರ್ ಎಂಬ 360 ಜನರ ಗಾಯನವೃಂದ ಹಾಡಿದ ಕ್ರಿಸ್ಮಸ್ ಕಛೇರಿಯ ಲೈವ್ ಮುದ್ರಿಕೆ ಕೇಳಿದೆ. ಅಷ್ಟು ಜನ ಕೂತಿದ್ದರೂ ಒಂದು ಕೆಮ್ಮೂ ಕೇಳಿಸುವುದಿಲ್ಲ. ನಿಜವಾಗಿ ಲೈವ್ ತಾನೆ?

ಉತ್ತರ: ಲೈವ್ ಹೌದು, ಆದರೆ ಒಂದೇ ಸಂಜೆಯದಾಗಿರಬೇಕೆಂದಿಲ್ಲ. ಕಛೇರಿ ನಡೆಯುವ ಕಾನ್ಫರೆನ್ಸ್ ಸೆಂಟರ್ 2000ದಲ್ಲಿ ತೆರೆದದ್ದು. ಸುಮಾರು 21,000 ಆಸನಗಳಿವೆ. ಡಿಸೆಂಬರಿನಲ್ಲಿ ಅದೇ ಕಾರ್ಯಕ್ರಮ ಬೆನ್ನುಬೆನ್ನಿಗೆ ಕೆಲವು ಸಂಜೆ ನಡೆಯುತ್ತದೆ. ಇಂಥ ಕಡೆ ಎಲ್ಲ ಸಂಜೆಗಳನ್ನೂ ಮುದ್ರಿಸಿಕೊಂಡು, ಒಂದು ದಿನದ ಹಾಡನ್ನು ಆಧಾರವಾಗಿಟ್ಟು, ಕೆಮ್ಮು ಬಿದ್ದ ಸಾಲಿನ ಜಾಗದಲ್ಲಿ ಇನ್ನೊಂದು ದಿನದ ಅದೇ ಸಾಲನ್ನು ಕೂರಿಸುವುದು ರೂಢಿ.

ಬೆಸುಗೆಯ ಜಾಗ ಸರಿಯಿರಬೇಕು. ಮೌನದಲ್ಲಿ ಕತ್ತರಿಸಿದರೆ ಹಿಂದಿನ ಸ್ವರದ ಅನುರಣನ ತಟ್ಟನೆ ತುಂಡಾಗುತ್ತದೆ. ಎಲ್ಲರೂ ಒಟ್ಟಿಗೆ ಎತ್ತುವ ಗಟ್ಟಿ ಸ್ವರ ಶುರುವಾಗುವ ಕ್ಷಣದಲ್ಲೇ ಕತ್ತರಿಸಬೇಕು. ಹೊಸ ಸದ್ದು ಹಳೆಯ ಅನುರಣನವನ್ನು ಮುಚ್ಚುತ್ತದೆ.

ಇದಕ್ಕಿಂತ ಹೆಚ್ಚು ಕಾಡುವುದು ಶ್ರುತಿ. ಅಲ್ಲಿನ ಪೈಪ್ ಆರ್ಗನ್‌ಗೆ, ಅಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ವಾದ್ಯಕ್ಕೆ, 7,667 ಕೊಳವೆಗಳು. ಗಾಳಿ ಬಿಸಿಯಾದರೆ ಅದರೊಳಗೆ ಶಬ್ದದ ವೇಗ ಹೆಚ್ಚುತ್ತದೆ, ಕೊಳವೆಯ ಶ್ರುತಿ ಏರುತ್ತದೆ: ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 3 ಸೆಂಟ್, ಅಂದರೆ ಅರ್ಧ ಸ್ವರದ ನೂರರಲ್ಲಿ ಮೂರು ಪಾಲು. ಎರಡು ಸಂಜೆಗಳ ನಡುವೆ 3 ಡಿಗ್ರಿ ವ್ಯತ್ಯಾಸ ಬಂದರೆ ಬೆಸುಗೆ ಕಿವಿಗೆ ಚುಚ್ಚುತ್ತದೆ. ವೃಂದದ ಜತೆ ನುಡಿಯುವ ಲೋಹದ ಕೈಗಂಟೆಗಳು ಹೀಗೆ ಏರುವುದಿಲ್ಲವಾದ್ದರಿಂದ, ಗಂಟೆ ಮತ್ತು ಆರ್ಗನ್ ಒಟ್ಟಿಗೆ ನುಡಿಯುವಲ್ಲಿ ತಪ್ಪು ಮೊದಲು ಬಯಲಾಗುತ್ತದೆ. ತಾಲೀಮಿನಿಂದ ಕೊನೆಯ ಸಂಜೆಯವರೆಗೂ ಸಭಾಂಗಣದ ಉಷ್ಣತೆ ಒಂದೇ ಮಟ್ಟದಲ್ಲಿರಬೇಕಾದ್ದು ಪ್ರೇಕ್ಷಕರ ಸುಖಕ್ಕಷ್ಟೇ ಅಲ್ಲ.

ಪ್ರಶ್ನೆ: ಟಿಕೆಟ್ ಎಷ್ಟು?

ಉತ್ತರ: ಉಚಿತ. ಆದರೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಪಡೆಯಬೇಕು. 8 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ.

ಪ್ರಶ್ನೆ: 360 ಜನ ಹಾಡುವಾಗ ತಲೆಗೊಂದು ಮೈಕ್ ಇಡುತ್ತಾರೆಯೇ? ನಾವು 40 ಜನ ಹಾಡಿದ್ದನ್ನು ಆರು ಮೈಕ್ ಇಟ್ಟು ಮುದ್ರಿಸಿದರೆ ಮಸುಕಾಗಿ, ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ.

ಉತ್ತರ: ಇಡುವುದಿಲ್ಲ, ಇಟ್ಟರೆ ಒಂಟಿ ದನಿಗಳು ಎದ್ದು ಕಾಣುತ್ತವೆ, ವೃಂದ ಒಡೆದುಹೋಗುತ್ತದೆ. ವೃಂದದ ಎದುರು ಎತ್ತರದಲ್ಲಿ ಮುಖ್ಯ ಮೈಕ್ ಜೋಡಿ, ಒಂದೇ ಸ್ವರಮಟ್ಟದಲ್ಲಿ ಹಾಡುವ ಪ್ರತಿ ಗುಂಪಿಗೆ ಸಹಾಯಕ ಮೈಕ್‌ಗಳು, ಚಪ್ಪಾಳೆಗೆ ಬೇರೆಯೇ ಮೈಕ್‌ಗಳು.

ನಿಮ್ಮ ಮಸುಕಿಗೆ ಕಾರಣ ಬಹುಶಃ ಒಂದೇ ದನಿ ಹಲವು ಮೈಕ್‌ಗಳಿಗೆ ಬೇರೆಬೇರೆ ಕ್ಷಣದಲ್ಲಿ ತಲುಪುತ್ತಿರುವುದು. ಆಗ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಹಾಡುವವರಿಂದ ಮೈಕ್ 1 ಮೀಟರ್ ದೂರವಿದ್ದರೆ ಪಕ್ಕದ ಮೈಕ್ ಆ ಮೈಕ್‌ನಿಂದ ಕನಿಷ್ಠ 3 ಮೀಟರ್ ಆಚೆ ಇರಲಿ. 40 ಜನರಿಗೆ ಮೊದಲು ಮುಖ್ಯ ಜೋಡಿಯೊಂದರಲ್ಲೇ ಮುದ್ರಿಸಿ ನೋಡಿ. ಹೆಚ್ಚಿನ ಸಲ ಅಷ್ಟೇ ಸಾಕು. ಸಹಾಯಕ ಮೈಕ್ ಬೇಕೇ ಬೇಕೆನಿಸಿದರೆ ಅದನ್ನು ಮಿಶ್ರಣದಲ್ಲಿ ತಡಮಾಡಿಸಿ: ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಮುಖ್ಯ ಜೋಡಿ ಅದಕ್ಕಿಂತ 10 ಮೀಟರ್ ಹಿಂದಿದ್ದರೆ 29 ಮಿಲಿಸೆಕೆಂಡ್.

ಹಾಡುವವರನ್ನೂ ಕಾಡುವುದು ಇದೇ ದೂರ. ವಾದ್ಯಗಳಿಂದ 20 ಮೀಟರ್ ಹಿಂದೆ ನಿಂತವರಿಗೆ ತಾಳ 58 ಮಿಲಿಸೆಕೆಂಡ್ ತಡವಾಗಿ ಕೇಳಿಸುತ್ತದೆ. ಕಿವಿ ನಂಬಿ ಹಾಡಿದರೆ ಹಿಂದುಳಿಯುತ್ತಾರೆ. ನಿರ್ದೇಶಕರ ಕೈಯನ್ನೇ ನೋಡಬೇಕು. ಮುದ್ರಣ ಯಾವಾಗಲೂ 24 ಬಿಟ್‌ನಲ್ಲಿರಲಿ, ತಾಲೀಮಿನಲ್ಲಿ ಅತಿ ಜೋರಿನ ಸಾಲು ಮುದ್ರಣ ಯಂತ್ರದ ಮಾಪಕದಲ್ಲಿ ಮೈನಸ್ 10 ಡೆಸಿಬೆಲ್ ದಾಟದಿರಲಿ; ಸೊನ್ನೆ ದಾಟಿದರೆ ದನಿ ಒಡೆಯುತ್ತದೆ. ತಾಲೀಮಿಗಿಂತ ಕಛೇರಿಯ ದಿನ ಎಲ್ಲರೂ ಜೋರಾಗಿಯೇ ಹಾಡುತ್ತಾರೆ.